ಇಂಗಾಲ ಹೋದದ್ದೆಲ್ಲಿಗೆ?

ಆಕಳಿನ ನಾಲ್ಕು ಹೊಟ್ಟೆಗಳಲ್ಲಿ ಮೊದಲನೆಯದನ್ನು ಪಶುವೈದ್ಯರು ರೂಮೆನ್ ಎನ್ನುತ್ತಾರೆ. ಸೂಕ್ಷ್ಮಜೀವಿಗಳು ಇಷ್ಟು ದಟ್ಟವಾಗಿ, ಇಷ್ಟು ಚುರುಕಾಗಿ ಕೆಲಸ ಮಾಡುವ ಜಾಗಗಳು ಪ್ರಕೃತಿಯಲ್ಲಿ ಹೆಚ್ಚಿಲ್ಲ. ಅಲ್ಲಿನ ಒಂದು ಮಿಲಿಲೀಟರ್ ದ್ರವದಲ್ಲಿ ಸಾವಿರ ಕೋಟಿಯಷ್ಟು ಬ್ಯಾಕ್ಟೀರಿಯಾಗಳಿರುತ್ತವೆ, ಉಷ್ಣತೆ ಹಗಲೂ ರಾತ್ರಿ 39 ಡಿಗ್ರಿಯ ಆಸುಪಾಸಿನಲ್ಲಿ ನಿಂತಿರುತ್ತದೆ, ನೀರಿಗೆ ಕೊರತೆಯಿಲ್ಲ. ಮನುಷ್ಯನ ಹೊಟ್ಟೆಗೆ ದಕ್ಕದ ಜೋಳದ ಕಣಿಕೆ, ಶೇಂಗಾ ಹೊಟ್ಟು ಇಲ್ಲಿ ಒಂದೆರಡು ದಿನದಲ್ಲೇ ಬಹುಪಾಲು ಕರಗುತ್ತವೆ. ಆದರೆ ಬೈಲಹೊಂಗಲದ ಮಾರುಕಟ್ಟೆಯಲ್ಲೋ ರಾಮದುರ್ಗದ ಬಸ್ ನಿಲ್ದಾಣದ ಹಿಂದೆಯೋ ಕೊಳೆತ ಕಾಯಿಪಲ್ಲೆಯ ಜೊತೆ ಆಕಳು ನುಂಗಿದ ಕ್ಯಾರಿಬ್ಯಾಗ್ ಅದೇ ಹೊಟ್ಟೆಯಲ್ಲಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಕೂತಿರುತ್ತದೆ. ಒಂದಕ್ಕೊಂದು ಹೊಸೆದುಕೊಂಡು ಹಗ್ಗದಂತಾಗಿ, ಮೇವಿಗೆ ಜಾಗವಿಲ್ಲದಂತೆ ಗಂಟು ಕಟ್ಟುತ್ತದೆ. ಹೊಟ್ಟೆ ಕೊಯ್ದು ಅದನ್ನು ಹೊರತೆಗೆಯುವ ಶಸ್ತ್ರಚಿಕಿತ್ಸೆ ನಮ್ಮ ಪಶುವೈದ್ಯರಿಗೆ ಹೊಸದಲ್ಲ. ಹೊರಬಂದ ಹಾಳೆಯ ಬಣ್ಣ ಮಾಸಿರುತ್ತದೆ, ವಾಸನೆ ತಡೆಯಲಾಗದು. ಆದರೆ ಹಾಳೆ ಹಾಳೆಯಾಗಿಯೇ ಇರುತ್ತದೆ. ಪ್ಲಾಸ್ಟಿಕ್ ತಿನ್ನುವ ಸೂಕ್ಷ್ಮಜೀವಿಗಳ ಬಗ್ಗೆ ಬರುವ ಪ್ರತಿಯೊಂದು ಸುದ್ದಿಯನ್ನೂ ಈ ಆಕಳಿನ ಹೊಟ್ಟೆಯ ಎದುರು ನಿಲ್ಲಿಸಿ ನೋಡಬೇಕೆಂಬುದು ಈ ಅಧ್ಯಾಯದ ವಾದ.

ಕಣಿಕೆ ಕರಗಿ ಪಾಲಿಥೀನ್ ಕರಗದಿರಲು ಕಾರಣ ಅವುಗಳ ಅಣುಗಳ ಕಟ್ಟಡದಲ್ಲಿದೆ. ಕಣಿಕೆಯ ಸೆಲ್ಯುಲೋಸ್ ಸಕ್ಕರೆ ಅಣುಗಳ ಉದ್ದನೆಯ ಸರಪಳಿ. ಒಂದು ಸಕ್ಕರೆಗೂ ಇನ್ನೊಂದಕ್ಕೂ ನಡುವೆ ಆಮ್ಲಜನಕದ ಒಂದು ಪರಮಾಣು ಕೊಂಡಿಯಾಗಿದೆ. ಆ ಕೊಂಡಿಯನ್ನು ಬಿಡಿಸಲು ಸೂಕ್ಷ್ಮಜೀವಿಗೆ ಬೇಕಾದದ್ದು ಸರಿಯಾದ ಕಿಣ್ವ ಮತ್ತು ನೀರು, ಅಷ್ಟೇ. ಪಿಷ್ಟ, ಪ್ರೋಟೀನು, ಕೊಬ್ಬು ಎಲ್ಲವೂ ನೀರು ಸೇರಿಸಿ ಬಿಡಿಸಬಹುದಾದ ಕೊಂಡಿಗಳಿಂದಲೇ ಕಟ್ಟಿದವು. ಜೀವಲೋಕದ ಪಚನವೆಲ್ಲ ಹೆಚ್ಚುಕಡಿಮೆ ಈ ಒಂದು ಉಪಾಯದ ಮೇಲೆ ನಿಂತಿದೆ. ಪಾಲಿಥೀನಿನಲ್ಲಿ ಅಂಥ ಕೊಂಡಿಯೇ ಇಲ್ಲ. 1933ರ ಮಾರ್ಚಿನಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯ ರಸಾಯನಶಾಸ್ತ್ರಜ್ಞರಾದ ಎರಿಕ್ ಫಾಸೆಟ್ ಮತ್ತು ರೆಜಿನಾಲ್ಡ್ ಗಿಬ್ಸನ್ ಎಥಿಲೀನ್ ಅನಿಲವನ್ನು ಭಾರಿ ಒತ್ತಡಕ್ಕೆ ಒಡ್ಡಿದಾಗ ಪಾತ್ರೆಯಲ್ಲಿ ಉಳಿದ ಬಿಳಿ ಮೇಣದಂಥ ವಸ್ತುವಿನಲ್ಲಿ ಇದ್ದದ್ದು ಇಂಗಾಲ ಮತ್ತು ಜಲಜನಕ ಮಾತ್ರ. ಇಂಗಾಲಕ್ಕೆ ಇಂಗಾಲ, ಅದಕ್ಕೆ ಮತ್ತೆ ಇಂಗಾಲ, ಪ್ರತಿಯೊಂದರ ಮೈಗೂ ಎರಡು ಜಲಜನಕ: ಹೀಗೆ ಸಾವಿರಾರು ಸಲ. ನೀರಿಗೆ ಇಲ್ಲಿ ಹಿಡಿಯಲು ಎಡೆಯಿಲ್ಲ. ಇದನ್ನು ಕತ್ತರಿಸಬೇಕಾದರೆ ಮೊದಲು ಆಮ್ಲಜನಕ ಬಂದು ಸರಪಳಿಯ ಮೈಗೆ ಅಂಟಬೇಕು. ರೂಮೆನ್ನಿನಲ್ಲಿ ಎಲ್ಲವೂ ಇದೆ, ಆಮ್ಲಜನಕವಿಲ್ಲ. ಸಾವಿರ ಕೋಟಿ ಬ್ಯಾಕ್ಟೀರಿಯಾಗಳು ಅಲ್ಲಿ ಸೋಲುವುದು ಮುಖ್ಯವಾಗಿ ಈ ಕಾರಣಕ್ಕೆ.

ಎರಡನೆಯ ತೊಡಕು ಗಾತ್ರದ್ದು. ಒಂದು ಲಕ್ಷ ಅಣುತೂಕದ ಪಾಲಿಥೀನ್ ಸರಪಳಿಯೊಂದನ್ನು ತೆಗೆದುಕೊಳ್ಳೋಣ. ಚೀಲದ ಹಾಳೆಯಲ್ಲಿ ಇಂಥವು ಸಾಮಾನ್ಯ. ಅದರಲ್ಲಿ ಸುಮಾರು 7,100 ಇಂಗಾಲದ ಪರಮಾಣುಗಳಿರುತ್ತವೆ. ಸುಕ್ಕು ಬಿಡಿಸಿ ನೇರ ಎಳೆದರೆ ಅದರ ಉದ್ದ ಹತ್ತಿರಹತ್ತಿರ 0.9 ಮೈಕ್ರಾನ್. ಮಣ್ಣಿನ ಸಾಧಾರಣ ಬ್ಯಾಕ್ಟೀರಿಯಾದ ಉದ್ದವೂ ಒಂದೆರಡು ಮೈಕ್ರಾನ್ ಮಾತ್ರ. ಅಂದರೆ ತಿನ್ನಬೇಕಾದ ಅಣು ತಿನ್ನುವ ಜೀವಿಯಷ್ಟೇ ಉದ್ದವಿದೆ. ಬ್ಯಾಕ್ಟೀರಿಯಾ ತನ್ನ ಪೊರೆಯ ಮೂಲಕ ಒಳಗೆ ತೆಗೆದುಕೊಳ್ಳಬಲ್ಲದ್ದು ಐನೂರು ಆರುನೂರು ಅಣುತೂಕದ, ಅಂದರೆ ನಲವತ್ತು ಇಂಗಾಲದ ಆಸುಪಾಸಿನ ತುಣುಕುಗಳನ್ನು. ಹಾಗಾಗಿ ಸರಪಳಿಯನ್ನು ಹೊರಗಡೆಯೇ ನೂರಾರು ಕಡೆ ಕತ್ತರಿಸಬೇಕು. ಅದನ್ನು ಮಾಡಬೇಕಾದ ಕಿಣ್ವಗಳು ನೀರಿನಲ್ಲಿ ಕೆಲಸ ಮಾಡುವಂಥವು. ಪಾಲಿಥೀನ್ ಮಾತ್ರ ನೀರನ್ನು ಮೈಗೆ ಅಂಟಿಸಿಕೊಳ್ಳುವುದಿಲ್ಲ. ಸಾಲದ್ದಕ್ಕೆ ಹಾಳೆಯ ಒಳಗೆ ಸರಪಳಿಗಳ ಒಂದು ಭಾಗ ಮಡಚಿಕೊಂಡು ಹರಳುಗಟ್ಟಿ ಕೂತಿರುತ್ತದೆ. ಆ ಹರಳುಗಳೊಳಗೆ ಕಿಣ್ವಕ್ಕೂ ಆಮ್ಲಜನಕಕ್ಕೂ ಪ್ರವೇಶ ಕಷ್ಟ.

ಹಾಗಾದರೆ ಬಾಗಿಲು ತೆರೆಯುವುದು ಯಾವುದು? ಬಿಸಿಲು. ಸೂರ್ಯನ ಅತಿನೇರಳೆ ಕಿರಣ, ಅದರ ಜೊತೆಗೆ ಶಾಖ ಮತ್ತು ಗಾಳಿ ಸೇರಿದಾಗ ಸರಪಳಿಗೆ ಆಮ್ಲಜನಕ ಅಂಟುತ್ತದೆ, ಅಂಟಿದಲ್ಲಿ ಸರಪಳಿ ತುಂಡಾಗುತ್ತದೆ. ಅಂಗಳದಲ್ಲಿ ಬಿಟ್ಟ ಹಾಳೆ ಕೆಲವೇ ತಿಂಗಳಲ್ಲಿ ಗರಿಗರಿಯಾಗಿ, ಮುಟ್ಟಿದರೆ ಪುಡಿಯಾಗುವುದು ಇದೇ ಕ್ರಿಯೆಯಿಂದ. ಹೀಗೆ ಹಳಸಿದ ತುಣುಕುಗಳ ಮೇಲೆ ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಲೋಳೆಯ ಪದರ ಕಟ್ಟುತ್ತವೆ, ತುಂಡಾದ ಸಣ್ಣ ಸರಪಳಿಗಳನ್ನು ಒಳಗೆಳೆದುಕೊಳ್ಳುತ್ತವೆ, ಕೊಬ್ಬನ್ನು ಉರಿಸುವ ದಾರಿಯಲ್ಲೇ ಅವನ್ನೂ ಉರಿಸಿ ಇಂಗಾಲದ ಡೈಆಕ್ಸೈಡ್ ಮತ್ತು ನೀರು ಮಾಡುತ್ತವೆ. ಇದು ನಡೆಯುತ್ತದೆ ಎಂಬುದರಲ್ಲಿ ವಿಜ್ಞಾನಿಗಳಿಗೆ ಭಿನ್ನಾಭಿಪ್ರಾಯವಿಲ್ಲ. ಚರ್ಚೆಯಿರುವುದು ಎಷ್ಟು ನಡೆಯುತ್ತದೆ, ಎಲ್ಲಿ ನಡೆಯುತ್ತದೆ ಎಂಬುದರಲ್ಲಿ.

'ಎಲ್ಲಿ' ಎಂಬ ಪ್ರಶ್ನೆಗೆ ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಸವದತ್ತಿ, ರಾಮದುರ್ಗ, ಕಿತ್ತೂರು ಈ ನಾಲ್ಕು ತಾಲೂಕುಗಳು ಬಹಳ ಸ್ಪಷ್ಟವಾದ ಉತ್ತರ ಕೊಡುತ್ತವೆ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಜನವರಿ, ಫೆಬ್ರವರಿಯ ಹೊತ್ತಿಗೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಲಕ್ಷಾಂತರ ಜನ ಬರುತ್ತಾರೆ. ಪಡ್ಡಲಗಿ ಬುಟ್ಟಿ ತುಂಬಿಸಲು ತರುವ ಅಕ್ಕಿ, ಬೆಲ್ಲ, ಕಾಯಿ, ಗುಡ್ಡದ ಅಂಗಡಿಯಲ್ಲಿ ಕೊಳ್ಳುವ ಭಂಡಾರ, ಕುಂಕುಮ, ಬಳೆ ಎಲ್ಲಕ್ಕೂ ಈಗ ಒಂದೊಂದು ತೆಳು ಹಾಳೆಯ ಹೊದಿಕೆ. ಕಿತ್ತೂರು ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿದೆ. ಅಕ್ಟೋಬರ್ 23ರಿಂದ ಅಲ್ಲಿ ಉತ್ಸವವೂ ಸೇರುತ್ತದೆ. ಜಾತ್ರೆ ಉತ್ಸವಗಳನ್ನು ಬಿಟ್ಟರೂ ದಿನನಿತ್ಯದ ಹಾಲಿನ ಪಾಕೀಟು, ಬೀಜ ಗೊಬ್ಬರದ ಚೀಲದ ಒಳಹಾಳೆ, ಹೊಲದಲ್ಲಿ ಹಾಸುವ ಮಲ್ಚಿಂಗ್ ಹಾಳೆ ಇದ್ದೇ ಇವೆ. ಇವುಗಳಲ್ಲಿ ಎಷ್ಟೋ ಕೊನೆಗೆ ಬೀಳುವುದು ಕಸದ ಗಾಡಿಗೆ ಅಲ್ಲ, ಹೊಲಕ್ಕೆ. ಒಂದು ಭಾಗವನ್ನು ಗಾಳಿ ಒಯ್ಯುತ್ತದೆ. ಇನ್ನೊಂದು ಭಾಗ ಅಂಗಳದ ಕಸದ ಜೊತೆ ತಿಪ್ಪೆ ಸೇರಿ, ಬೇಸಿಗೆಯಲ್ಲಿ ಗೊಬ್ಬರದ ಚಕ್ಕಡಿ ಏರಿ, ಎಲ್ಲರ ಕಣ್ಣೆದುರೇ ಹೊಲಕ್ಕೆ ಹೋಗುತ್ತದೆ.

ಆ ಹೊಲ ಎಂಥದ್ದೆಂಬುದು ಇಲ್ಲಿ ನಿರ್ಣಾಯಕ. ಕಿತ್ತೂರಿನ ಪಶ್ಚಿಮಕ್ಕೆ ಮಳೆ ಹೆಚ್ಚು, ಕೆಂಪು ಮಸಾರಿ ನೆಲ ಹೆಚ್ಚು. ಬೈಲಹೊಂಗಲದಿಂದ ಸವದತ್ತಿ, ರಾಮದುರ್ಗದ ಕಡೆ ಹೋದಂತೆ ಎರೆಭೂಮಿ ಹರಡಿಕೊಳ್ಳುತ್ತದೆ. ಎರೆಮಣ್ಣಿನ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಏಪ್ರಿಲ್, ಮೇ ಹೊತ್ತಿಗೆ ಹೊಲದಲ್ಲಿ ಮೊಣಕೈ ಇಳಿಯುವಷ್ಟು ಬಿರುಕು ಬಾಯಿ ತೆರೆದಿರುತ್ತದೆ. ಕೆಲವು ಮೀಟರಿಗೂ ಮಿಕ್ಕಿ ಆಳಕ್ಕೆ ಹೋಗುತ್ತವೆ. ಮೇಲಿನ ಹರಳುಮಣ್ಣು, ಕಡ್ಡಿ, ಹಾಳೆ ಎಲ್ಲ ಆ ಬಿರುಕಿನೊಳಗೆ ಉದುರುತ್ತವೆ. ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದ ಕೂಡಲೇ ನೆಲ ಉಬ್ಬಿ ಬಿರುಕು ಮುಚ್ಚುತ್ತದೆ. ಹೀಗೆ ತನ್ನನ್ನು ತಾನೇ ಮಗುಚಿಕೊಳ್ಳುವುದು ಎರೆಭೂಮಿಯ ಗುಣ. ಬೇರೆ ಕಸಕ್ಕೆ ಇದು ವರವೇ. ಪಾಲಿಥೀನಿನ ವಿಷಯದಲ್ಲಿ ಮಾತ್ರ ಇದೇ ಗುಣ ಬಾಗಿಲು ಮುಚ್ಚುತ್ತದೆ. ಬಿಸಿಲು ಆರಂಭಿಸಿದ ಕೆಲಸ ಅರ್ಧಕ್ಕೇ ನಿಂತು, ಹಾಳೆ ಕತ್ತಲೆಗೆ ಇಳಿಯುತ್ತದೆ.

ಇನ್ನೊಂದು ಸೂಕ್ಷ್ಮವಿದೆ, ಇದನ್ನು ಯಾರೂ ಅಷ್ಟಾಗಿ ಗಮನಿಸಿದಂತಿಲ್ಲ. ಪಾಲಿಥೀನ್ ಕರಗಲು ಮೊದಲು ಬಿಸಿಲು ಬೇಕು, ಆಮೇಲೆ ತೇವ ಬೇಕು. ಈ ಸೀಮೆಯಲ್ಲಿ ಇವೆರಡೂ ಬೇರೆ ಬೇರೆ ಋತುಗಳಲ್ಲಿ ಬರುತ್ತವೆ. ಬಿಸಿಲು ಉಗ್ರವಾಗಿರುವ ನಾಲ್ಕು ತಿಂಗಳು ಮೇಲ್ಮಣ್ಣು ಒಣಗಿ ಸೂಕ್ಷ್ಮಜೀವಿಗಳು ನಿದ್ದೆಯಲ್ಲಿರುತ್ತವೆ. ಅವು ಎಚ್ಚರಗೊಳ್ಳುವ ಹೊತ್ತಿಗೆ ಮೋಡ ಕವಿದಿರುತ್ತದೆ, ರೈತ ಹರಗಿ ಬಿತ್ತಿರುತ್ತಾನೆ, ಹಾಳೆ ಮಣ್ಣಿನಡಿ ಇರುತ್ತದೆ. ಬಿಸಿಲಿನಲ್ಲಿ ಗರಿಗರಿಯಾದದ್ದು ಕುಂಟೆಯ ಬಾಯಿಗೆ ಸಿಕ್ಕು ಚೂರಾಗುತ್ತದೆ. ಚೂರಾಗುವುದು ಬೇರೆ, ಕರಗುವುದು ಬೇರೆ. ಕಣ್ಣಿಗೆ ಕಾಣದಷ್ಟು ಸಣ್ಣದಾದ ತುಣುಕಿನಲ್ಲೂ ಲಕ್ಷಾಂತರ ಸರಪಳಿಗಳು ಇಡಿಯಾಗಿಯೇ ಇರುತ್ತವೆ. ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯದ ಇಮೋಜನ್ ನ್ಯಾಪರ್ ಮತ್ತು ರಿಚರ್ಡ್ ಥಾಂಪ್ಸನ್ 2019ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಎತ್ತಿ ತೋರಿಸುತ್ತದೆ. ಅಂಗಡಿಯಲ್ಲಿ ಸಿಗುವ ಐದು ಬಗೆಯ ಚೀಲಗಳನ್ನು ಅವರು ಗಾಳಿಬಿಸಿಲಿನಲ್ಲಿ, ಮಣ್ಣಿನಲ್ಲಿ, ಸಮುದ್ರದಲ್ಲಿ ಮೂರು ವರ್ಷ ಇಟ್ಟರು. ಗಾಳಿಬಿಸಿಲಿನಲ್ಲಿದ್ದವೆಲ್ಲ ಒಂಬತ್ತು ತಿಂಗಳಲ್ಲಿ ಚೂರಾದವು. ಮಣ್ಣಿನಲ್ಲಿ ಮೂರು ವರ್ಷ ಹೂತಿದ್ದ, ಜೈವಿಕವಾಗಿ ಕರಗುವುದೆಂದು ಮೇಲೆ ಬರೆದಿದ್ದ ಚೀಲವನ್ನು ಹೊರತೆಗೆದು ಸಾಮಾನು ತುಂಬಿದರೆ ಅದು ಎರಡು ಕಿಲೋಗೂ ಹೆಚ್ಚು ಭಾರ ಹೊತ್ತಿತು.

ಈಗ 'ಎಷ್ಟು' ಎಂಬ ಪ್ರಶ್ನೆಗೆ ಬರೋಣ. ವಾದದ ತಿರುಳು ಇಲ್ಲಿದೆ. ಕಳೆದ ಇಪ್ಪತ್ತು ಚಿಲ್ಲರೆ ವರ್ಷಗಳಲ್ಲಿ ಪಾಲಿಥೀನ್ ತಿನ್ನುವ ಜೀವಿಗಳ ಪಟ್ಟಿ ದೊಡ್ಡದಾಗಿ ಬೆಳೆದಿದೆ. 2004ರಲ್ಲಿ ಇಸ್ರೇಲಿನ ಸಂಶೋಧಕರು ರೋಡೋಕಾಕಸ್ ರೂಬರ್ ಎಂಬ ಬ್ಯಾಕ್ಟೀರಿಯಾದ ಸಿ208 ಎಂಬ ತಳಿ ಮೂವತ್ತು ದಿನದಲ್ಲಿ ಹಾಳೆಯ ತೂಕವನ್ನು ಶೇ. 8ರವರೆಗೆ ಇಳಿಸಿತೆಂದು ವರದಿ ಮಾಡಿದರು. 2014ರಲ್ಲಿ ಚೀನಾದ ತಂಡವೊಂದು ಕಾಳಿಗೆ ಬೀಳುವ ಪತಂಗದ ಹುಳುವಿನ ಕರುಳಿನಿಂದ ಎರಡು ಬ್ಯಾಕ್ಟೀರಿಯಾಗಳನ್ನು ಪಡೆಯಿತು. ನಮ್ಮ ರಾಜ್ಯದ್ದೇ ಒಂದು ಕೆಲಸ ಇನ್ನೂ ಗಮನಾರ್ಹ. ಬೆಂಗಳೂರಿನ ದಯಾನಂದ ಸಾಗರ ಎಂಜಿನಿಯರಿಂಗ್ ಕಾಲೇಜಿನ ಸಂಶೋಧಕರು ಪ್ಲಾಸ್ಟಿಕ್ ಬೆರೆತ ಸಗಣಿಯಿಂದ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ, ಅವನ್ನು ಗುಂಪುಗೂಡಿಸಿ, 55 ಡಿಗ್ರಿ ಶಾಖದಲ್ಲಿ 120 ದಿನ ಬೆಳೆಸಿದಾಗ ಪಾಲಿಥೀನ್ ಪಟ್ಟಿಗಳ ತೂಕ ಶೇ. 75ರಷ್ಟು ಇಳಿಯಿತೆಂದು 2017ರಲ್ಲಿ ಪ್ರಕಟಿಸಿದರು. ಸಗಣಿಯಲ್ಲಿ ಹುಡುಕಬೇಕೆಂದು ಹೊಳೆದದ್ದೇ ಒಳ್ಳೆಯ ಆಲೋಚನೆ. ಹೊಟ್ಟೆಯೊಳಗೆ ಪಾಲಿಥೀನ್ ಸೇರಿದ ದನದ ಸಗಣಿ ಹೊರಬಿದ್ದು ಗಾಳಿಗೆ ಒಡ್ಡಿಕೊಂಡ ಮೇಲೆ ಆಮ್ಲಜನಕ ಬಳಸುವ ಬೇರೆಯದೇ ಜೀವಿಗಳು ಅದರಲ್ಲಿ ಬೆಳೆಯುತ್ತವೆ. ರೂಮೆನ್ನಿನಲ್ಲಿ ಆಗದ್ದು ಅಲ್ಲಿ ಆಗಬಹುದು.

ಆದರೆ ಇಂಥ ಬಹುತೇಕ ವರದಿಗಳಲ್ಲಿ ಮೇಲೆದ್ದು ಕಾಣುವ ಸಂಖ್ಯೆ ತೂಕದ್ದು. ಪಟ್ಟಿಯನ್ನು ಮೊದಲು ತೂಗುತ್ತಾರೆ, ಬ್ಯಾಕ್ಟೀರಿಯಾ ಬೆಳೆದ ದ್ರವದಲ್ಲಿ ವಾರಗಟ್ಟಲೆ ಅಲುಗಾಡಿಸುತ್ತಾರೆ, ಸೋಪಿನಂಥ ದ್ರಾವಣದಲ್ಲಿ ತೊಳೆದು ಒಣಗಿಸಿ ಮತ್ತೆ ತೂಗುತ್ತಾರೆ. ಕಳೆದುಹೋದ ತೂಕವನ್ನು ಬ್ಯಾಕ್ಟೀರಿಯಾ ತಿಂದಿತೆಂದು ಬರೆಯುವುದಕ್ಕೆ ಮುಂಚೆ ಕೇಳಬೇಕಾದ ಪ್ರಶ್ನೆಗಳಿವೆ. ಮಾರುಕಟ್ಟೆಯ ಹಾಳೆ ಶುದ್ಧ ಪಾಲಿಥೀನ್ ಅಲ್ಲ. ಹಾಳೆಗಳು ಒಂದಕ್ಕೊಂದು ಅಂಟದಿರಲು ಅದರಲ್ಲಿ ಕೊಬ್ಬಿನಾಮ್ಲದ ಅಮೈಡುಗಳನ್ನು ಬೆರೆಸಿರುತ್ತಾರೆ. ಮಸುಕಾಗದಿರಲು, ಹಳಸದಿರಲು ಬೇರೆ ವಸ್ತುಗಳಿರುತ್ತವೆ. ತಯಾರಿಕೆಯಲ್ಲಿ ಉಳಿದ ಗಿಡ್ಡ ಸರಪಳಿಗಳೂ ಇರುತ್ತವೆ. ಇವನ್ನೆಲ್ಲ ಸಾಧಾರಣ ಬ್ಯಾಕ್ಟೀರಿಯಾವೂ ತಿನ್ನಬಲ್ಲದು. ತಿಂದು ಬೆಳೆದು ಹಾಳೆಯ ಮೇಲೆ ಪದರ ಕಟ್ಟಬಲ್ಲದು, ಸೂಕ್ಷ್ಮದರ್ಶಕದ ಚಿತ್ರ ಸೊಗಸಾಗಿಯೇ ಬರುತ್ತದೆ; ಉದ್ದ ಸರಪಳಿಗಳು ಮಾತ್ರ ಇದ್ದಲ್ಲೇ ಇರುತ್ತವೆ. ಪಟ್ಟಿಯ ಅಂಚು ಸವೆದು ಚೂರುಗಳು ತೊಳೆದ ನೀರಿನಲ್ಲಿ ಹೋದರೂ ತೂಕ ಇಳಿಯುತ್ತದೆ. ಶೇ. 75ರಂಥ ಸಂಖ್ಯೆಯನ್ನು ಬೆರಕೆ ವಸ್ತುಗಳಿಂದ ಮಾತ್ರ ವಿವರಿಸಲಾಗದು, ಅದು ನಿಜ. ಹಾಗಿದ್ದರೂ ಹೋದದ್ದು ಅನಿಲವಾಗಿಯೋ, ಜೀವಿಯ ಮೈಯಾಗಿಯೋ, ಪುಡಿಯಾಗಿಯೋ ಎಂಬುದನ್ನು ತಕ್ಕಡಿ ಹೇಳುವುದಿಲ್ಲ.

ಮೇಣದ ಹುಳುವಿನ ಕಥೆ ಇದಕ್ಕೆ ಒಳ್ಳೆಯ ಪಾಠ. ಜೇನುಗೂಡಿಗೆ ಬೀಳುವ ಗ್ಯಾಲೇರಿಯಾ ಪತಂಗದ ಹುಳುಗಳು ಪ್ಲಾಸ್ಟಿಕ್ ಚೀಲದಲ್ಲಿ ತೂತು ಮಾಡುವುದನ್ನು ಗಮನಿಸಿದ ಫೆಡೆರಿಕಾ ಬೆರ್ಟೊಕ್ಕಿನಿ ಮತ್ತು ಸಂಗಡಿಗರು 2017ರಲ್ಲಿ, ನೂರು ಹುಳುಗಳು ಹನ್ನೆರಡು ಗಂಟೆಯಲ್ಲಿ 92 ಮಿಲಿಗ್ರಾಂ ಪಾಲಿಥೀನ್ ಕರಗಿಸಿದವೆಂದು ಪ್ರಕಟಿಸಿದರು. ಜಗತ್ತೆಲ್ಲ ಸುದ್ದಿಯಾಯಿತು. ಅದೇ ವರ್ಷ ಜರ್ಮನಿಯ ಮೈನ್ಸ್‌ನ ರಸಾಯನಶಾಸ್ತ್ರಜ್ಞರು, ರಾಸಾಯನಿಕ ಬದಲಾವಣೆಗೆ ಸಾಕ್ಷಿಯೆಂದು ಕೊಟ್ಟ ಅವಕೆಂಪು ರೋಹಿತ ಹುಳುವಿನ ಮೈಯ ಪ್ರೋಟೀನು, ಕೊಬ್ಬಿನಿಂದಲೂ ಬರಬಹುದೆಂದು ಆಕ್ಷೇಪ ಎತ್ತಿದರು. 2022ರಲ್ಲಿ ಬೆರ್ಟೊಕ್ಕಿನಿ ತಂಡ ಹುಳುವಿನ ಜೊಲ್ಲಿನಲ್ಲಿ ಪಾಲಿಥೀನನ್ನು ಉತ್ಕರ್ಷಿಸುವ ಎರಡು ಪ್ರೋಟೀನುಗಳನ್ನು ಹೆಸರಿಸಿತು. ಬೇರೊಂದು ಪ್ರಯೋಗಾಲಯ ಅವನ್ನೇ ತಯಾರಿಸಿ ಪರೀಕ್ಷಿಸಿದಾಗ ಆ ಫಲ ಮರುಕಳಿಸಲಿಲ್ಲ. ಹುಳು ಚೀಲವನ್ನು ಕಡಿಯುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಕಡಿದದ್ದು ಪಚನವಾಯಿತೇ ಎಂಬುದಕ್ಕೆ ಇಷ್ಟು ವರ್ಷಗಳ ನಂತರವೂ ಒಮ್ಮತದ ಉತ್ತರವಿಲ್ಲ.

ಸರಿಯಾದ ಲೆಕ್ಕ ಇಂಗಾಲದ ಲೆಕ್ಕ. ಸ್ವೀಡನ್ನಿನ ಆನ್-ಕ್ರಿಸ್ಟೀನ್ ಆಲ್ಬರ್ಟ್‌ಸನ್ 1970ರ ದಶಕದಲ್ಲೇ ಇದನ್ನು ಕಂಡುಕೊಂಡಿದ್ದರು. ವಿಕಿರಣಶೀಲ ಇಂಗಾಲ-14 ಸೇರಿಸಿ ತಯಾರಿಸಿದ ಪಾಲಿಥೀನನ್ನು ಮಣ್ಣಿನ ಜೀವಿಗಳಿಗೆ ಕೊಟ್ಟು, ಹೊರಬಂದ ಅನಿಲದಲ್ಲಿ ಆ ಗುರುತಿನ ಇಂಗಾಲ ಎಷ್ಟಿದೆಯೆಂದು ಅಳೆದರು. ಹತ್ತು ವರ್ಷದ ಕೊನೆಗೆ, ಅತಿನೇರಳೆ ಬೆಳಕು ಕಾಣದ ಹಾಳೆಯಿಂದ ಅನಿಲವಾಗಿ ಹೊರಬಂದದ್ದು ಶೇಕಡಾ ಒಂದರ ಅರ್ಧವನ್ನೂ ಮುಟ್ಟಲಿಲ್ಲ. 2023ರಲ್ಲಿ ನೆದರ್ಲೆಂಡ್ಸ್‌ನ ಸಮುದ್ರ ಸಂಶೋಧನಾ ಸಂಸ್ಥೆಯ ಮಾಯಿಕೆ ಗೌಡ್ರಿಯಾನ್ ಮತ್ತು ಸಂಗಡಿಗರು ವಿಕಿರಣವಿಲ್ಲದ ಇಂಗಾಲ-13ರ ಗುರುತು ಹಾಕಿ ಅದೇ ಬಗೆಯ ಪ್ರಯೋಗ ಮಾಡಿದರು. ಜೀವಿ ಅದೇ ರೋಡೋಕಾಕಸ್ ರೂಬರ್. ಮೊದಲೇ ಅತಿನೇರಳೆ ಬೆಳಕಿನಲ್ಲಿ ಹಳಸಿದ ಪಾಲಿಥೀನನ್ನು ಕೊಟ್ಟರೂ ಇಂಗಾಲದ ಡೈಆಕ್ಸೈಡ್ ಆಗಿ ಬಂದದ್ದು ವರ್ಷಕ್ಕೆ ಸುಮಾರು ಶೇ. 1.2ರ ದರದಲ್ಲಿ. ತೂಕದ ಲೆಕ್ಕದಲ್ಲಿ ತಿಂಗಳಿಗೆ ಎಂಟು, ಇಂಗಾಲದ ಲೆಕ್ಕದಲ್ಲಿ ವರ್ಷಕ್ಕೆ ಒಂದು ಚಿಲ್ಲರೆ. ಆ ದರ ಕೊನೆಯವರೆಗೆ ಕುಗ್ಗದೆ ಉಳಿದರೂ ಒಂದು ಹಾಲಿನ ಪಾಕೀಟು ಪೂರ್ತಿ ಮುಗಿಯಲು ಎಂಬತ್ತು ವರ್ಷ ದಾಟುತ್ತದೆ. ಅದೂ ಪ್ರಯೋಗಾಲಯದ ಹದವಾದ ಪರಿಸರದಲ್ಲಿ. ಜಪಾನಿನಲ್ಲಿ 32 ವರ್ಷ ಮಣ್ಣಿನಲ್ಲಿದ್ದ ಹಾಳೆಯೊಂದನ್ನು ಪರೀಕ್ಷಿಸಿದವರು ಕಂಡದ್ದೂ ಭಾಗಶಃ ಹಾಳಾದ ಹಾಳೆಯನ್ನೇ.

ಗುರುತಿನ ಇಂಗಾಲ ದುಬಾರಿ, ನಮ್ಮ ತಾಲೂಕು ಕಾಲೇಜುಗಳಿಗೆ ಅದು ಎಟುಕುವುದೇ ಎಂದು ಯಾರಾದರೂ ಕೇಳಬಹುದು. ಎಟುಕುವುದಿಲ್ಲ. ಆದರೆ ದೊಡ್ಡ ಹೇಳಿಕೆಯನ್ನು ಪರೀಕ್ಷಿಸಲು ಅದು ಬೇಕಾಗಿಯೂ ಇಲ್ಲ. ಒಂದು ಗ್ರಾಂ ಪಾಲಿಥೀನ್ ಪೂರ್ತಿ ಉರಿದರೆ 3.1 ಗ್ರಾಂ ಇಂಗಾಲದ ಡೈಆಕ್ಸೈಡ್ ಬರಲೇಬೇಕು. ಪ್ರತಿ ಹದಿನಾಲ್ಕು ಭಾಗ ಪಾಲಿಥೀನಿಗೆ ನಲವತ್ನಾಲ್ಕು ಭಾಗ ಅನಿಲ ಎಂಬುದು ಪಿಯುಸಿ ರಸಾಯನಶಾಸ್ತ್ರ. ನಾಲ್ಕು ತಿಂಗಳಲ್ಲಿ ಮುಕ್ಕಾಲು ಭಾಗ ನಿಜವಾಗಿ ಪಚನವಾಗಿದ್ದರೆ, ಅದರಲ್ಲಿ ಅರ್ಧ ಬ್ಯಾಕ್ಟೀರಿಯಾದ ಮೈಯಾಗಿ ಉಳಿಯಿತೆಂದು ಧಾರಾಳವಾಗಿ ಬಿಟ್ಟುಕೊಟ್ಟರೂ, ಒಂದು ಗ್ರಾಂ ಪಟ್ಟಿಯಿಂದ ಒಂದು ಗ್ರಾಮಿಗೂ ಹೆಚ್ಚು ಅನಿಲ ಸಿಗಬೇಕು. ಮುಚ್ಚಿದ ಗಾಜಿನ ಪಾತ್ರೆಯಲ್ಲಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಒಂದು ಬಟ್ಟಲು ಇಟ್ಟರೆ ಅದು ಈ ಅನಿಲವನ್ನು ಹೀರುತ್ತದೆ. ಆಗಾಗ ಆಮ್ಲಜನಕ ತುಂಬಿಸಿ, ಬಟ್ಟಲನ್ನು ತೆಗೆದು, ಫಿನಾಫ್ತಲೀನ್ ಹನಿ ಹಾಕಿ ಆಮ್ಲದಿಂದ ಅಳೆದರೆ ಕೆಲವೇ ಮಿಲಿಗ್ರಾಂ ವ್ಯತ್ಯಾಸವೂ ಗೊತ್ತಾಗುತ್ತದೆ. ಪಕ್ಕದಲ್ಲಿ ಪಾಲಿಥೀನ್ ಇಲ್ಲದ ಇನ್ನೊಂದು ಪಾತ್ರೆ, ಬ್ಯಾಕ್ಟೀರಿಯಾ ಇಲ್ಲದ ಮತ್ತೊಂದು ಪಾತ್ರೆ ಇಟ್ಟು ಹೋಲಿಸಿದರಾಯಿತು. ಹೇಳಿಕೆ ದೊಡ್ಡದಾದಷ್ಟೂ ಪರೀಕ್ಷೆ ಅಗ್ಗ. ವರ್ಷಕ್ಕೆ ಶೇ. 1ರ ಹೇಳಿಕೆಯನ್ನು ಪರೀಕ್ಷಿಸಲು ಮಾತ್ರ ಗುರುತಿನ ಇಂಗಾಲ ಬೇಕು, ಏಕೆಂದರೆ ಮಣ್ಣೇ ಬಿಡುವ ಅನಿಲದಲ್ಲಿ ಅಷ್ಟು ಸಣ್ಣದು ಮುಳುಗಿಹೋಗುತ್ತದೆ. ಬೈಲಹೊಂಗಲ, ರಾಮದುರ್ಗದ ಕಸದ ಗುಡ್ಡೆಗಳಿಂದ ಹೊಸ ಬ್ಯಾಕ್ಟೀರಿಯಾ ಹುಡುಕುವ ವಿದ್ಯಾರ್ಥಿಗಳು ತಕ್ಕಡಿಯ ಜೊತೆ ಈ ಬಟ್ಟಲನ್ನೂ ಇಡಬೇಕೆಂದು ಒತ್ತಾಯಿಸುವುದು ಅತಿಯಾಗದು.

ಶಾಖವೇ ಗುಟ್ಟಾದರೆ ನಮ್ಮ ತಿಪ್ಪೆಯೇ ಸಾಕಲ್ಲ ಎಂಬುದು ಸಹಜವಾದ ಆಕ್ಷೇಪ. ಹದವಾಗಿ ತೇವ ಮಾಡಿ ಮಗುಚಿದ ತಿಪ್ಪೆಯ ಒಡಲು 55 ಡಿಗ್ರಿ ಮುಟ್ಟುತ್ತದೆ, ಸಗಣಿಯ ಜೀವಿಗಳೆಲ್ಲ ಅಲ್ಲಿವೆ. ಆದರೂ ವರ್ಷ ಕಳೆದು ತಿಪ್ಪೆ ಅಗೆದಾಗ ಕಣಿಕೆ, ಸೊಪ್ಪು, ಸಿಪ್ಪೆ ಎಲ್ಲ ಕಪ್ಪು ಗೊಬ್ಬರವಾಗಿ, ಹಾಲಿನ ಪಾಕೀಟು ಅಕ್ಷರ ಸಮೇತ ಹೊರಬರುತ್ತದೆ. ನಗರದ ಕಸದಿಂದ ಗೊಬ್ಬರ ಮಾಡುವ ಘಟಕಗಳಿಗೂ ಕೊನೆಯವರೆಗೆ ಕಾಡುವುದು ಇದನ್ನು ಜರಡಿ ಹಿಡಿಯುವ ಕೆಲಸವೇ. ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾಕ್ಕೆ ಪಾಲಿಥೀನ್ ಬಿಟ್ಟರೆ ಬೇರೆ ಅನ್ನವಿಲ್ಲ. ತಿಪ್ಪೆಯಲ್ಲಿ ಎದುರಿಗೇ ಸಲೀಸಾದ ಅನ್ನ ರಾಶಿಯಾಗಿ ಬಿದ್ದಿರುವಾಗ ಯಾವ ಜೀವಿಯೂ ಕಬ್ಬಿಣದ ಕಡಲೆಗೆ ಬಾಯಿ ಹಾಕುವುದಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ಪಾಲಿಥೀನ್ ಬಂದು ಇನ್ನೂ ನೂರು ವರ್ಷವಾಗಿಲ್ಲ, ಕಾಲ ಕೊಟ್ಟರೆ ಸೂಕ್ಷ್ಮಜೀವಿಗಳು ಕಲಿಯುತ್ತವೆ. 2016ರಲ್ಲಿ ಜಪಾನಿನ ಸಕಾಯಿ ನಗರದಲ್ಲಿ ನೀರಿನ ಬಾಟಲಿಯ ಪ್ಲಾಸ್ಟಿಕ್ ತಿನ್ನುವ ಇಡಿಯೊನೆಲ್ಲಾ ಸಕಾಯೆನ್ಸಿಸ್ ಸಿಕ್ಕಿತಲ್ಲ ಎಂದು ಉದಾಹರಣೆಯನ್ನೂ ಕೊಡುತ್ತಾರೆ. ಆ ಬಾಟಲಿ ಪಾಲಿಎಸ್ಟರ್; ಅದರಲ್ಲಿ ನೀರು ಸೇರಿಸಿ ಬಿಡಿಸುವ ಎಸ್ಟರ್ ಕೊಂಡಿಗಳಿವೆ, ಎಲೆಗಳ ಹೊರಪದರವನ್ನು ಕರಗಿಸುತ್ತಿದ್ದ ಹಳೆಯ ಕಿಣ್ವ ಸ್ವಲ್ಪ ಬದಲಾದರೆ ಸಾಕಾಯಿತು. ಪಾಲಿಥೀನಿನಂಥ ಉದ್ದನೆಯ ಇಂಗಾಲದ ಸರಪಳಿ ಜೀವಲೋಕಕ್ಕೆ ಹೊಸದೇನಲ್ಲ. ಕಚ್ಚಾತೈಲದಲ್ಲಿ, ಜೇನುಮೇಣದಲ್ಲಿ, ಎಲೆಯ ಮೇಣದಲ್ಲಿ ಅದರ ಗಿಡ್ಡ ರೂಪ ಕೋಟ್ಯಂತರ ವರ್ಷಗಳಿಂದ ಇದೆ. ಅದನ್ನು ತಿನ್ನುವ ಕಿಣ್ವಗಳೂ ಅಷ್ಟೇ ಹಳೆಯವು, ಎರೆಭೂಮಿಯ ಮಣ್ಣಿನಲ್ಲೂ ಧಾರಾಳವಾಗಿವೆ. ಉದ್ದ ಬೆಳೆದಂತೆ ಆ ಕಿಣ್ವಗಳು ಸೋಲುತ್ತವೆ. ಇದಕ್ಕೆ ಹೊಲದ ಬದುವಿನ ಮೇಲೆಯೇ ಒಂದು ಸಾಕ್ಷಿ ನಿಂತಿದೆ. ಕತ್ತಾಳೆಯ ದಪ್ಪ ಎಲೆಯ ಹೊರಪದರದಲ್ಲಿ ಕ್ಯೂಟಾನ್ ಎಂಬ ವಸ್ತುವಿದೆ. ಅದು ಬಹುಪಾಲು ಪಾಲಿಥೀನಿನಂತೆಯೇ ಇಂಗಾಲ-ಜಲಜನಕದ ಉದ್ದ ಸರಪಳಿಗಳ ಜಾಲ, ನೀರು ಸೇರಿಸಿ ಬಿಡಿಸಲು ಬಾರದು. ಎಲೆಯ ಮಿಕ್ಕ ಭಾಗ ಕೊಳೆತರೂ ಈ ವಸ್ತು ಉಳಿಯುತ್ತದೆ. ಎಷ್ಟೋ ಪಳೆಯುಳಿಕೆ ಎಲೆಗಳ ಪೊರೆಯಲ್ಲಿ ಇಂಥದೇ ರಚನೆ ಸಿಕ್ಕಿದೆ. ಕೋಟಿ ವರ್ಷದ ಅವಕಾಶ ಸಿಕ್ಕಿಯೂ ಬಗೆಹರಿಯದ ತೊಡಕು ನಮ್ಮ ಕಸದ ಒತ್ತಡಕ್ಕೆ ಐವತ್ತು ವರ್ಷದಲ್ಲಿ ಬಗೆಹರಿಯುತ್ತದೆಂದು ನಂಬಿ ಕೂರಲು ಆಧಾರವಿಲ್ಲ.

ಬಾಗಿಲನ್ನು ತಯಾರಿಕೆಯಲ್ಲೇ ತೆರೆದಿಟ್ಟರೆ ಹೇಗೆಂದು ಯೋಚಿಸಿದವರೂ ಇದ್ದಾರೆ. ಕೋಬಾಲ್ಟ್, ಮ್ಯಾಂಗನೀಸ್ ಲವಣ ಬೆರೆಸಿದ ಆಕ್ಸೋ ಚೀಲಗಳು ಬಿಸಿಲಿಗೆ ಬೇಗ ಹಳಸುತ್ತವೆ. ಆದರೆ ಎರೆಭೂಮಿಯ ಋತುಚಕ್ರದಲ್ಲಿ ಬೇಗ ಹಳಸುವುದೆಂದರೆ ಬೇಗ ಚೂರಾಗಿ ಬಿರುಕಿಗೆ ಇಳಿಯುವುದು. ಐರೋಪ್ಯ ಒಕ್ಕೂಟ 2021ರ ಜುಲೈನಿಂದ ಇವನ್ನು ನಿಷೇಧಿಸಿದ್ದು ಇಂಥದೇ ಕಾರಣಕ್ಕೆ. ಭಾರತ ಸರಕಾರ 2024ರ ಮಾರ್ಚಿನ ತಿದ್ದುಪಡಿಯಲ್ಲಿ, ಜೈವಿಕವಾಗಿ ಕರಗುವ ಪ್ಲಾಸ್ಟಿಕ್ ಎಂದು ಹೇಳಿಕೊಳ್ಳಬೇಕಾದರೆ ಮೈಕ್ರೋಪ್ಲಾಸ್ಟಿಕ್ ಉಳಿಯಬಾರದೆಂಬ ಷರತ್ತನ್ನು ವ್ಯಾಖ್ಯೆಯಲ್ಲೇ ಸೇರಿಸಿತು. ತೂಕ ಇಳಿಯಿತು, ಹಾಳೆ ಕಾಣೆಯಾಯಿತು ಎಂಬಷ್ಟರಿಂದ ತೃಪ್ತಿಪಡದೆ ಉಳಿದದ್ದೇನೆಂದು ಕೇಳುವ ಈ ಷರತ್ತು ವಿಜ್ಞಾನದ ದೃಷ್ಟಿಯಿಂದ ಸರಿಯಾದದ್ದು.

ಇಷ್ಟೆಲ್ಲ ಹೇಳಿ ಸೂಕ್ಷ್ಮಜೀವಿಗಳಿಂದ ಉಪಯೋಗವೇ ಇಲ್ಲವೆಂದರೆ ತಪ್ಪಾಗುತ್ತದೆ. 2022ರಲ್ಲಿ ಅಮೆರಿಕದ ಸಂಶೋಧಕರ ತಂಡವೊಂದು ಬಿಸಿಲಿನ ಕೆಲಸವನ್ನು ಪಾತ್ರೆಯೊಳಗೆ ಮಾಡಿ ತೋರಿಸಿತು. ಕೋಬಾಲ್ಟ್, ಮ್ಯಾಂಗನೀಸ್ ವೇಗವರ್ಧಕ ಮತ್ತು ಆಮ್ಲಜನಕದ ಒತ್ತಡದಲ್ಲಿ ಪಾಲಿಥೀನ್ ಸೇರಿದ ಮಿಶ್ರ ಪ್ಲಾಸ್ಟಿಕ್ಕನ್ನು ಕಾಯಿಸಿ ಗಿಡ್ಡ ಆಮ್ಲಗಳಾಗಿ ಕತ್ತರಿಸಿದರು. ಆ ಆಮ್ಲಗಳನ್ನು ಮಾರ್ಪಡಿಸಿದ ಸೂಡೊಮೊನಾಸ್ ಪ್ಯುಟಿಡಾ ಬ್ಯಾಕ್ಟೀರಿಯಾಕ್ಕೆ ಉಣಿಸಿ ಉಪಯುಕ್ತ ರಾಸಾಯನಿಕಗಳನ್ನು ಪಡೆದರು. ಕತ್ತರಿಸುವ ಕಷ್ಟದ ಕೆಲಸ ರಸಾಯನಶಾಸ್ತ್ರದ್ದು, ಪಚನದ ಕೆಲಸ ಜೀವಿಯದ್ದು. ಈ ಹಂಚಿಕೆ ನನಗೆ ಬಹಳ ಭರವಸೆಯದೆಂದು ಕಾಣುತ್ತದೆ, ಏಕೆಂದರೆ ಇಲ್ಲಿ ಬ್ಯಾಕ್ಟೀರಿಯಾದಿಂದ ಅದು ಮಾಡಲಾರದ್ದನ್ನು ಯಾರೂ ಕೇಳುತ್ತಿಲ್ಲ.

ಆದರೆ ಆ ಪಾತ್ರೆಗೆ ಹಾಕಲು ಪಾಲಿಥೀನ್ ಒಂದೆಡೆ ಸಿಗಬೇಕು, ಮಣ್ಣು ಮೆತ್ತದೆ ಸಿಗಬೇಕು. ಹಾಗೆ ಸಿಗುವುದು ಬಿರುಕಿಗೆ ಬೀಳುವ ಮುಂಚೆ ಮಾತ್ರ. ಕರ್ನಾಟಕ ಸರಕಾರ 2016ರ ಮಾರ್ಚ್ 11ರಂದೇ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿದೆ. ಕೇಂದ್ರದ ನಿಯಮ 2022ರ ಕೊನೆಯಿಂದ 120 ಮೈಕ್ರಾನಿಗಿಂತ ತೆಳುವಾದ ಕೈಚೀಲವನ್ನು ಎಲ್ಲೆಡೆ ನಿಲ್ಲಿಸಿದೆ. ಸೂಕ್ಷ್ಮಜೀವಿಯ ಕಣ್ಣಿನಿಂದ ನೋಡಿದರೆ ದಪ್ಪ ಚೀಲ ಇನ್ನೂ ಕೆಟ್ಟದ್ದು, ಏಕೆಂದರೆ ಪಚನ ಮೇಲ್ಮೈಯಿಂದ ಮಾತ್ರ ನಡೆಯುತ್ತದೆ. ಚಿಂದಿ ಆಯುವವರ ಕಣ್ಣಿನಿಂದ ನೋಡಿದರೆ ದಪ್ಪದ್ದೇ ಒಳ್ಳೆಯದು: ತೂಕವಿದೆ, ಮಾರಿದರೆ ಕಾಸು ಬರುತ್ತದೆ, ಆದ್ದರಿಂದ ಅದು ನೆಲದ ಮೇಲೆ ಉಳಿಯುವುದಿಲ್ಲ. ಹಾಲಿನ ಪಾಕೀಟನ್ನು ಹೆಕ್ಕುವವರಿದ್ದಾರೆ. ಭಂಡಾರದ ಚೀಟಿಯಷ್ಟು ಹಾಳೆಯನ್ನು ಹೆಕ್ಕುವವರಿಲ್ಲ, ಕತ್ತರಿಸಿ ಬಿಸಾಡಿದ ಪಾಕೀಟಿನ ಮೂಲೆಯನ್ನಂತೂ ಯಾರೂ ಹೆಕ್ಕುವುದಿಲ್ಲ. ಕೈಚೀಲದ ನಿಯಮ ಮುಟ್ಟದ ಈ ಸಣ್ಣ ಪ್ಯಾಕಿಂಗ್ ಹಾಳೆಗಳೇ ಎರೆಭೂಮಿಗೆ ಸೇರುತ್ತಿರುವುದು. ಗುಡ್ಡದಲ್ಲಿ ಭಾರತ ಹುಣ್ಣಿಮೆ ಮುಗಿದ ದಿನದಿಂದ ಮುಂಗಾರಿನ ಮೊದಲ ಮಳೆಯವರೆಗೆ ಇರುವುದು ಹೆಚ್ಚೆಂದರೆ ನಾಲ್ಕು ತಿಂಗಳು. ಅಂಗಡಿಗಳಲ್ಲಿ ಭಂಡಾರ, ಕುಂಕುಮವನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಡುವುದು, ತಿಪ್ಪೆಯ ಗೊಬ್ಬರ ಚಕ್ಕಡಿ ಏರುವ ಮುನ್ನ ಹಾಳೆ ಆರಿಸುವುದು, ಮಲ್ಚಿಂಗ್ ಹಾಳೆಯನ್ನು ಬೆಳೆ ಕಿತ್ತ ವಾರದಲ್ಲೇ ಸುತ್ತಿ ತೆಗೆಯುವುದು, ಇವೆಲ್ಲ ಆ ನಾಲ್ಕು ತಿಂಗಳೊಳಗಿನ ಕೆಲಸಗಳು. ಅದರಾಚೆಗೆ ಮಣ್ಣಿನಡಿ ಉಳಿದದ್ದರ ಲೆಕ್ಕ ಹೆಚ್ಚೆಂದರೆ ವರ್ಷಕ್ಕೆ ಶೇಕಡಾ ಒಂದರ ಆಸುಪಾಸಿನದು, ಅದೂ ಮೊದಲೇ ಬಿಸಿಲಿಗೆ ಹಳಸಿದ್ದು, ತೇವವೂ ಇದ್ದರೆ.